ಬೆಲ್ಲ ಸಾಲದೇ ಹೋದ ದಿನ

ಅಂಗನವಾಡಿ ಮೇಲ್ವಿಚಾರಕಿಯರಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಂದವರು ಚಹಾ ಕುಡಿಯುತ್ತ, "ನಿಮ್ಮ ಕಾಲದಾಗ ಹೆಂಗ ಇತ್ರಿ ಮೇಡಂ?" ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿ ಶಾಲು ಹೊದಿಸಿದರು ಎಂಬುದು ಅವರಿಗೂ ಬೇಕಿಲ್ಲ, ನನಗೂ ಬೇಕಿಲ್ಲ. ಆ ಶಾಲಿನ ಮೇಲೆ ಈಗ ನಮ್ಮ ಬೆಕ್ಕು ಮಲಗುತ್ತದೆ. ಹೇಳುವಂಥದ್ದು ನನ್ನ ಹತ್ತಿರ ಇರುವುದು ಕೆಲವು ಫಜೀತಿಗಳು ಮತ್ತು ಒಂದು ಗೆಲುವು. ಆ ಗೆಲುವನ್ನು ನೆನೆದರೆ ಇವತ್ತಿಗೂ ಸುಮ್ಮನೆ ಕೂರಲು ಆಗುವುದಿಲ್ಲ. ವಿನಯವಂತರು ಕ್ಷಮಿಸಬೇಕು.

ನಮ್ಮ ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ಸರ್ಕಾರ ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳ ಸಾಲುಗಳಿಗೆ ಹೋಗಿ, ಕೂಸಿಗೆ ಏನು ತಿನ್ನಿಸಬೇಕು, ಬಸುರಿ ಏನು ಉಣ್ಣಬೇಕು ಎಂದು ತಿಳಿಸಿ ಬರುವುದು. ಮಕ್ಕಳನ್ನು ಹೆತ್ತು ಸಾಕಿದವರ ಮುಂದೆ ನಿಂತು ಊಟದ ಮಾತು ಹೇಳಲು ಎಂಥ ಮೊಂಡು ಧೈರ್ಯ ಬೇಕು ಎಂಬುದು ಮಾತ್ರ ಅಲ್ಲಿ ಹೋಗಿ ನಿಂತಾಗಲೇ ಗೊತ್ತಾಗುತ್ತದೆ.

ನನ್ನನ್ನು ಮೊದಲು ಹಾಕಿದ್ದು ರಾಮದುರ್ಗಕ್ಕೆ. ಅಲ್ಲಿನ ನೇಕಾರರ ಕಾಲೋನಿ ನನ್ನ ಪಾಲಿಗೆ ಬಂತು. ಮೇಲಿನ ಕಚೇರಿಯಿಂದ ಒಂದು ದೊಡ್ಡ ಚಿತ್ರಪಟ ಬಂದಿತ್ತು. ಅದರಲ್ಲಿ ಎಲುಬು ಎಣಿಸಬಹುದಾದಂಥ ಒಂದು ಮಗು, ಕೆಳಗೆ ಕೆಂಪು ಅಕ್ಷರದಲ್ಲಿ 'ಅಪೌಷ್ಟಿಕತೆ'. ನೋಡಿದವರು ಹೆದರಿಯಾದರೂ ದಾರಿಗೆ ಬರಲಿ ಎಂದು ಅದನ್ನು ಕೇಂದ್ರದ ಬಾಗಿಲಿನ ಎದುರಿಗೇ ಗೋಡೆಗೆ ಹಚ್ಚಿಸಿದೆ. ಮರುವಾರ ಒಬ್ಬ ಬಸುರಿಯೂ ಆ ಕಡೆ ಸುಳಿಯಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕಡೆಗೆ ಮಗ್ಗದ ಪಕ್ಕ ನೂಲು ಸುತ್ತುತ್ತ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ಕರೆದು ಕೂರಿಸಿಕೊಂಡಳು.

"ಬಸುರಿ ಹೆಣ್ಮಕ್ಕಳು ಚಂದ ಚಂದ ಕೂಸಿನ ಫೋಟೋ ನೋಡಬೇಕ್ರಿ ಬಾಯಾರ. ನೀವು ನೋಡಿದ್ರ ಹಡದಾಕಿ ಎದಿ ಒಡಿಯೂವಂಥಾದ್ದನ್ನ ತಂದು ಗ್ವಾಡಿಗೆ ಹಚ್ಚೀರಿ. ದಿನಾ ಅದನ್ನ ನೋಡಿದ್ರ ಹೊಟ್ಟ್ಯಾಗಿನ ಕೂಸೂ ಹಂಗ ಆಗೂದಿಲ್ಲೇನು?"

ಅವತ್ತೇ ಆ ಪಟ ಇಳಿಸಿ, ಬೆಣ್ಣೆ ಮೆಲ್ಲುತ್ತಿರುವ ದುಂಡು ಕೃಷ್ಣನ ಕ್ಯಾಲೆಂಡರ್ ತೂಗುಹಾಕಿದೆ. ಹೋದ ಬಸುರಿಯರೆಲ್ಲ ತಿರುಗಿ ಬಂದರು. ಹೆದರಿಸಿ ಯಾರಿಗೂ ಒಂದು ತುತ್ತು ಹೆಚ್ಚು ಉಣಿಸಲಾಗದು ಎಂದು ನಾನು ಅಲ್ಲಿ ಕಲಿತೆ.

ಮುಂದೆ ಕಿತ್ತೂರು. ಹೆದ್ದಾರಿಯ ಬದಿಯ ಜನತಾ ಮನೆಗಳು, ಲಾರಿ ಡ್ರೈವರುಗಳ ಸಂಸಾರಗಳು. ಅಲ್ಲಿ ನಾನು ಕೋಳಿಯ ತತ್ತಿ ಬೇಯಿಸಿ ತೋರಿಸಬೇಕಿತ್ತು. ನಾನು ಹೂಲಿಯವಳು, ಪೌರೋಹಿತ್ಯದ ಮನೆತನ. ನಮ್ಮ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಕಂಡರೂ ಅಜ್ಜಿ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ತತ್ತಿಯ ಗುಣಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿ ಗಡಗಡ ಒಪ್ಪಿಸಿದೆ.

"ನೀವು ತತ್ತಿ ತಿಂತೀರೇನ್ರಿ ಬಾಯಾರ?" ಎಂದಳು ಎದುರಿಗೆ ಕೂತವಳು.

"ಇಲ್ಲವಾ."

"ಮತ್ತ ನಮಗ ಯಾಕ ಹೇಳಾಕ ಹತ್ತೀರಿ?"

ನಾನು ಸೀದಾ ತತ್ತಿ ಸುಲಿಯಲು ಕೂತೆ. ಬೆಂದಿದೆಯೋ ಇಲ್ಲವೋ ಯಾರಿಗೆ ಗೊತ್ತಿತ್ತು! ಅದು ಒಡೆದು ನನ್ನ ಹೊಸ ಇಳಕಲ್ ಸೀರೆಯ ತುಂಬ ಹರಿಯಿತು. ಆ ಹೆಂಗಸರು ನಕ್ಕ ನಗು ಹೆದ್ದಾರಿಯ ಲಾರಿಗಳಿಗೂ ಕೇಳಿರಬೇಕು. ಪ್ರಶ್ನೆ ಕೇಳಿದವಳೇ ಎದ್ದು ಬಂದು, "ಸರೀರಿ, ನಾ ಮಾಡತೇನಿ" ಎಂದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಹುರಿದಳು. ಮಕ್ಕಳು ಬೆರಳು ನೆಕ್ಕಿ ತಿಂದವು. ಅವತ್ತಿನಿಂದ ನಾನು ಯಾವ ಕಾಲೋನಿಯಲ್ಲೂ ಸೌಟು ಹಿಡಿಯಲಿಲ್ಲ. ಅಡುಗೆ ಅವರದು, ಬಾಯಿ ನನ್ನದು ಎಂದು ಕೆಲಸ ಹಂಚಿಕೊಂಡೆವು.

ಬೈಲಹೊಂಗಲಕ್ಕೆ ಬರುವ ಹೊತ್ತಿಗೆ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರ ಹೊರಗೆ ಹೊಸದೊಂದು ಆಶ್ರಯ ಕಾಲೋನಿ ಎದ್ದಿತ್ತು. ಒಂದೇ ಕೋಣೆಯ, ಒಂದೇ ಬಣ್ಣದ ಮನೆಗಳು. ಬೇರೆ ಬೇರೆ ಹಳ್ಳಿಗಳಿಂದ ಬಂದು ನೆಲೆಸಿದವರು, ಇನ್ನೂ ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆಯುವಷ್ಟು ಬಳಕೆ ಇರಲಿಲ್ಲ. ಗಂಡಸರು ಪೇಟೆಯ ಅಡತಿ ಅಂಗಡಿಗಳಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದರು. ಹೆಂಗಸರು ಬೆಳಗಾದರೆ ಹತ್ತಿ ಮಿಲ್ಲಿಗೆ ಹೋಗುತ್ತಿದ್ದರು. ಕೂಸುಗಳು ಅಜ್ಜಿಯ ಕಂಕುಳಲ್ಲಿ ಕೂತು, ಚಹಾದಲ್ಲಿ ಅದ್ದಿದ ಬ್ರೆಡ್ಡಿನ ಮೇಲೆ ದಿನ ತಳ್ಳುತ್ತಿದ್ದವು.

ಅಲ್ಲಿ ನಾನು ಮೊದಲು ಮಾಡಬೇಕಿದ್ದ ಕೆಲಸ ಮಕ್ಕಳನ್ನು ತೂಗುವುದು. ಅದಕ್ಕೆ ಸರ್ಕಾರ ಒಂದು ಕಾಟಾ ಕೊಟ್ಟಿತ್ತು. ಗುಂಡನೆಯ ಮುಖ, ಕೆಳಗೊಂದು ಕೊಂಡಿ, ಕೊಂಡಿಗೆ ಕಾಲು ತೂರಿಸಲು ತೂತುಗಳಿರುವ ಬಟ್ಟೆಯ ಚೀಲ. ಜಂತಿಗೆ ಕಾಟಾ ಕಟ್ಟಿ ಕೂಸನ್ನು ಚೀಲದಲ್ಲಿ ಇಳಿಬಿಡಬೇಕು. ಕಾಲೋನಿಯ ಅಂಗನವಾಡಿ ಕಾರ್ಯಕರ್ತೆ ಶಾಂತವ್ವ ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಗಂಗವ್ವ ಬಂದು ನಿಂತಳು.

ಗಂಗವ್ವ ಪೇಟೆಯ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ರೊಟ್ಟಿ ಬಡಿದಷ್ಟೇ ಜೋರಾಗಿ ಮಾತನ್ನೂ ಬಡಿಯುತ್ತಿದ್ದಳು. ಕಂಕುಳಲ್ಲಿ ಮೊಮ್ಮಗ ಸಿದ್ದು.

"ಇದೇನ್ರಿ ಬಾಯಾರ? ಮಟನ್ ಅಂಗಡ್ಯಾಗ ಕುರಿ ತೂಗ ಹಾಕಿದಂಗ ಕೂಸಿನ್ನ ತೂಗ ಹಾಕತೀರೇನು? ತೂಗಿದ ಕೂಸು ಏಳಿಗಿ ಆಗೂದಿಲ್ಲ. ದೃಷ್ಟಿ ಬಡಿತೈತಿ. ನಡೀರೇ ಎಲ್ಲಾರೂ!"

ಒಂದೇ ಮಾತಿಗೆ ಅಂಗಳ ಖಾಲಿಯಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ನನ್ನ ಕಣ್ಣು ಸಿದ್ದೂನ ಮೇಲಿತ್ತು. ಎರಡು ವರ್ಷ ತುಂಬಿದ ಹುಡುಗ ಇನ್ನೂ ಎದ್ದು ನಿಲ್ಲುತ್ತಿರಲಿಲ್ಲ. ಕೂದಲು ಕೆಂಚಗಾಗಿತ್ತು, ಹೊಟ್ಟೆ ಮುಂದೆ, ಕೈಕಾಲು ಕಡ್ಡಿ. ಅಳಲೂ ಶಕ್ತಿಯಿಲ್ಲದೆ ಸುಮ್ಮನೆ ನೋಡುತ್ತಿದ್ದ.

ಸಿದ್ದೂನ ತಾಯಿ ಕಸ್ತೂರಿಯನ್ನು ಕಾಡಿ ಬೇಡಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಜಂತುಹುಳದ ಔಷಧ ಕೊಟ್ಟು, ನನ್ನನ್ನು ಬದಿಗೆ ಕರೆದು, "ಇದಕ್ಕ ಬೇಕಾಗಿದ್ದು ಊಟ ರೀ. ಹಿಂಗ ಇದ್ರ ಇನ್ನೊಂದು ಜ್ವರ ತಡಿಯೂದಿಲ್ಲ" ಎಂದರು. ಆದರೆ ಮನೆಯಲ್ಲಿ ನಡೆಯುವುದು ಗಂಗವ್ವನ ಮಾತು. ಶೇಂಗಾ ಕೊಡಿ ಎಂದರೆ ಪಿತ್ತ, ಬೇಳೆ ಕೊಡಿ ಎಂದರೆ ವಾಯು, ಪಲ್ಲೆ ಎಂದರೆ ಭೇದಿ. ಚಹಾಕ್ಕೆ ಮಾತ್ರ ಯಾವ ದೋಷವೂ ಇರಲಿಲ್ಲ. "ತಿನ್ನೂದು ಕಡಿಮಿ ಇಲ್ರಿ ಅವಂಗ. ಯಾರದೋ ಕಣ್ಣು ಬಿದ್ದೈತಿ" ಎಂಬಲ್ಲಿಗೆ ಅವಳ ಮಾತು ಮುಗಿಯುತ್ತಿತ್ತು.

ನಮ್ಮ ಯೋಜನಾಧಿಕಾರಿ ಸಾಹೇಬರಿಗೆ ವರದಿ ಒಪ್ಪಿಸಿದೆ. ಅವರು ಕೆಟ್ಟವರಲ್ಲ, ಅವಸರದವರು. "ತೂಗಸದಿದ್ರ ರೇಷನ್ ಕಾರ್ಡ್ ಕಟ್ ಆಗತದ ಅಂತ ಹೇಳ್ರಿ, ಓಡಿ ಬರತಾರ" ಎಂದರು.

"ಹೆದರಸೂದು ನನ್ನಿಂದ ಆಗೂದಿಲ್ಲ ಸರ್. ರಾಮದುರ್ಗದಾಗ ಮಾಡಿ ನೋಡೇನಿ."

"ಹಂಗಾರ ಆ ಕಾಟಾ ಹೆಗಲಿಂದ ಇಳಿಸಬ್ಯಾಡ್ರಿ. ಕೂಸು ಎಲ್ಲಿ ಸಿಗತಾವೋ ಅಲ್ಲೇ ತೂಗಿಬಿಡ್ರಿ."

ಅಂದಿನಿಂದ ಆ ಕಬ್ಬಿಣದ ಕಾಟಾ ನನ್ನ ಚೀಲದಲ್ಲೇ ಇರತೊಡಗಿತು. ಹೋದಲ್ಲೆಲ್ಲ ಹೊತ್ತು ತಿರುಗಿದೆ. ಒಂದು ಕಡೆ ಹೆಗಲು ವಾಲಿತೇ ಹೊರತು ಆಶ್ರಯ ಕಾಲೋನಿಯ ಒಂದು ಕೂಸೂ ಅದರಲ್ಲಿ ಕೂರಲಿಲ್ಲ.

ಹೀಗಿರುವಾಗ ಒಂದು ದಿನ ಶಾಂತವ್ವ ಏದುಸಿರು ಬಿಡುತ್ತ ಬಂದಳು. "ಬಾಯಾರ, ಗಂಗವ್ವ ಸಿದ್ದೂನ್ನ ಮುರಗೋಡದ ಕಡೆ ಮಠಕ್ಕ ಕರಕೊಂಡು ಹೊಂಟಾಳ್ರಿ. ತೂಗಸಾಕ!"

"ತೂಗಸಾಕ? ನಮ್ಮ ಕಾಟಾ ಒಲ್ಲೆ ಅಂದಾಕಿ?"

"ಅದು ಹರಕಿರಿ. ಜ್ವರ ಬಂದಾಗ ಬೇಡಿಕೊಂಡಿದ್ಲಂತ, ಒಂದು ಪೆಂಟಿ ಬೆಲ್ಲದಾಗ ತೂಗಸತೇನಿ ಅಂತ."

ದೃಷ್ಟಿ ತಾಗುವುದು ಸರ್ಕಾರದ ಕಾಟಾಕ್ಕೆ, ದೇವರ ತಕ್ಕಡಿಗಲ್ಲ! ನನಗೆ ಆ ಕ್ಷಣವೇ ಅನ್ನಿಸಿತು, ಇಲ್ಲೊಂದು ಬಾಗಿಲಿದೆ ಎಂದು. ಕರೆಯದಿದ್ದರೂ ಹೊರಟುಬಿಟ್ಟೆ. ಅದೇ ಕಾಲೋನಿಯ ಬಾಬುಸಾಬನ ಟೆಂಪೋ ಗೊತ್ತು ಮಾಡಿದ್ದರು. ಅವನ ಹೆಂಡತಿ ಮೆಹರುನ್ನೀಸಾಳೂ ನೆರೆಮನೆಯವಳೆಂದು ಹತ್ತಿದ್ದಳು. ಗಂಗವ್ವನ ತೊಡೆಯ ಮೇಲೆ ಬೆಲ್ಲದ ಇಡೀ ಪೆಂಟೆ, ಕಸ್ತೂರಿಯ ತೊಡೆಯ ಮೇಲೆ ಸಿದ್ದು. ನಮ್ಮ ಕಡೆ ಆಲೆಮನೆಯಿಂದ ಬರುವ ಒಂದು ಪೆಂಟೆ ಬೆಲ್ಲವೆಂದರೆ ಒಂದೇ ದೊಡ್ಡ ಗಟ್ಟಿ, ಚೆನ್ನಾಗಿ ಉಂಡ ಎರಡು ವರ್ಷದ ಕೂಸಿನಷ್ಟು ತೂಕ ಬರುತ್ತದೆ.

ಮಠದ ಅಂಗಳದಲ್ಲಿ ತಕ್ಕಡಿ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ಸಿದ್ದೂನನ್ನು ಕೂರಿಸಿ, ಇನ್ನೊಂದರಲ್ಲಿ ಪೆಂಟೆ ಇಟ್ಟರು. ಬೆಲ್ಲ ಧಪ್ಪನೆ ನೆಲಕ್ಕೆ ಕೂತಿತು. ಸಿದ್ದು ಮೇಲಕ್ಕೆ ಹೋಗಿ ಗಾಳಿಯಲ್ಲಿ ತೂಗಾಡಿದ. ಯಾರೋ ನಕ್ಕರು. ಮಠದ ಹಿರಿಯರೊಬ್ಬರು ಬೆಲ್ಲ ಒಡೆದು ಸ್ವಲ್ಪ ತೆಗೆದರು, ಮತ್ತೆ ಒಡೆದರು, ಮತ್ತೆ ತೆಗೆದರು. ಅರ್ಧಕ್ಕಿಂತ ತುಸು ಹೆಚ್ಚು ಉಳಿದಾಗ ತಕ್ಕಡಿ ಸಮನಾಯಿತು. ನಮ್ಮ ಹಿಂದೆ ನಿಂತಿದ್ದವರು ತಮ್ಮ ಹೆಣ್ಣುಮಗುವನ್ನು ಕೂರಿಸಿದರು. ಅದಕ್ಕಿನ್ನೂ ವರ್ಷ ತುಂಬಿತ್ತಷ್ಟೇ. ಅದು ತಟ್ಟೆಯಲ್ಲಿ ಕೂತು ಚಪ್ಪಾಳೆ ತಟ್ಟುತ್ತ ಮುಕ್ಕಾಲು ಪೆಂಟೆ ಎತ್ತಿತು.

ಗಂಗವ್ವ ಆ ಕೂಸನ್ನು ನೋಡಿದಳು, ಸಿದ್ದೂನನ್ನು ನೋಡಿದಳು. ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ಅತಿ ಜಾಣತನದ ಕೆಲಸ ಆ ಹೊತ್ತು ಸುಮ್ಮನಿದ್ದದ್ದು. ತಿರುಗಿ ಬರುವಾಗ ಉಳಿದ ಬೆಲ್ಲ ಅವಳ ಮಡಿಲಲ್ಲಿತ್ತು. ಊರು ಕಂಡಾಗ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು.

"ಪೂರಾ ಪೆಂಟಿ ಬೇಡಿಕೊಂಡಿದ್ದೆ ಬಾಯಾರ. ದೇವರ ಪಾಲು ಮನಿಗೆ ತಿರುಗಿ ಬಂತು. ಹರಕಿ ಮುಟ್ಟಲಿಲ್ಲ."

"ಮುಟ್ಟಸೂಣು ಗಂಗವ್ವಾ" ಎಂದೆ. "ಪೂರಾ ಪೆಂಟಿ ಎತ್ತೂ ಹಂಗ ಮಾಡಿ ಮತ್ತ ಕರಕೊಂಡು ಬರೂಣು. ದೇವರು ಅದಕ್ಕ ವಾಪಸ್ ಕಳಿಸ್ಯಾನ."

ಮನೆ ಮುಟ್ಟಿದ ಮೇಲೆ ಕಸ್ತೂರಿ ಆ ಬೆಲ್ಲವನ್ನು ಚಹಾದ ಡಬ್ಬಿಗೆ ಹಾಕಲು ಹೋದಳು. "ಏ, ದೇವರ ಬೆಲ್ಲ ಚಹಾಕ್ಕ ಹಾಕತೀ? ಕೈ ತಗಿ!" ಎಂದು ಗಂಗವ್ವ ಗದರಿದಳು. ಮತ್ತೇನು ಮಾಡುವುದು ಎಂಬ ಪ್ರಶ್ನೆ ಬಂತು. ರೊಟ್ಟಿ ಪುಡಿ ಮಾಡಿ, ಪುಟಾಣಿ ಕಡಲೆ, ಶೇಂಗಾ ಕುಟ್ಟಿ ಹಾಕಿ, ಬೆಲ್ಲ ಸೇರಿಸಿ ಮಾದಲಿ ಮಾಡಿ ಎಂದೆ. ಮೆಹರುನ್ನೀಸಾ ಬಾಗಿಲಲ್ಲೇ ಇದ್ದವಳು, "ಅದು ನಮ್ಮ ಮಲೀದಾ ಅಲ್ಲೇನ್ರಿ? ದರ್ಗಾಕ್ಕ ಒಯ್ಯೂದು" ಎಂದಳು.

"ಯಾರು ಹೇಳಿದ್ರು ನಿನಗ? ಅದು ಮಾದಲಿ!" ಎಂದು ಗಂಗವ್ವ ಗುಡುಗಿದಳು.

"ಮಲೀದಾ, ಆಯಿ!"

ಇಬ್ಬರೂ ತಮ್ಮ ತಮ್ಮದನ್ನು ಮಾಡಿ ತಂದರು. ನಾನು ಎರಡನ್ನೂ ತಿಂದು, ಎರಡೂ ಒಂದೇ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡೆ. ಶೇಂಗಾದ ಪಿತ್ತದ ಮಾತೆತ್ತಿದರೆ ಗಂಗವ್ವ, "ಪ್ರಸಾದದಾಗ ಯಾವ ಪಿತ್ತರಿ?" ಎಂದು ನನಗೇ ಬುದ್ಧಿ ಹೇಳಿದಳು. ಸಿದ್ದು ಮೊದಲು ಚಿಟಿಕೆಯಷ್ಟು ತಿಂದ. ಆಮೇಲೆ ಹಾಲಿನಲ್ಲಿ ಕಲಸಿದರೆ ಒಂದು ಹಿಡಿ. ನೋಡನೋಡುತ್ತ ಕಾಲೋನಿಯ ಬೇರೆ ಅಜ್ಜಿಯರೂ ತಮ್ಮ ಕೂಸುಗಳ ಹೆಸರಿನಲ್ಲಿ ಪೆಂಟೆಯ ಹರಕೆ ಹೊತ್ತರು.

ಇಷ್ಟು ಹತ್ತಿ ಬಂದ ಒಲೆಯನ್ನು ಆರಗೊಡುವವಳೇ ನಾನು? ಅಡತಿ ಅಂಗಡಿಯ ಸಾವಕಾರರ ಬಳಿ ಹೋಗಿ ಒಂದು ಪೆಂಟೆ ಬೆಲ್ಲ, ಒಂದು ದೊಡ್ಡ ತಕ್ಕಡಿ ಕೇಳಿದೆ. ಅಮಾವಾಸ್ಯೆಯ ದಿನ ಪೇಟೆ ಬಂದ್ ಇರುವುದರಿಂದ ತಕ್ಕಡಿಗೂ ಬಿಡುವು, ಹಮಾಲರಿಗೂ ಬಿಡುವು. ಅವರೇ ಹೊತ್ತು ತಂದು ಕಾಲೋನಿಯ ಬೇವಿನ ಮರಕ್ಕೆ ಕಟ್ಟಿದರು. ಮಸೀದಿಯ ಜಮಾತಿನವರು ದೊಡ್ಡ ಪಾತ್ರೆಗಳನ್ನು, ಅಡುಗೆಗೆ ತಮ್ಮ ಅಂಗಳವನ್ನು ಕೊಟ್ಟರು. ಮಠದಿಂದ ಜೋಳ ಬಂತು. ಪ್ರತಿ ಅಮಾವಾಸ್ಯೆಗೆ ಕೂಸುಗಳು ಬೆಲ್ಲದೊಡನೆ ಸೆಣಸಾಡತೊಡಗಿದವು. ಯಾವುದು ಎಷ್ಟು ಬೆಲ್ಲ ಎತ್ತಿತು ಎಂದು ನೋಡಿಕೊಂಡು ನಾನು ನನ್ನ ಲೆಕ್ಕ ಮಾಡಿಕೊಳ್ಳುತ್ತಿದ್ದೆ. ತೂಕ ಮುಗಿದ ಮೇಲೆ ಮಡಿಕೆಕಾಳಿನ ಉಸುಳಿ, ರಾಜಗಿರಿ ಪಲ್ಲೆ, ಮಾದಲಿ, ಎಲ್ಲರಿಗೂ ಊಟ. ಮಾತು ಅಲ್ಲಿ ತಾನಾಗಿ ಬರುತ್ತಿತ್ತು: ಯಾರ ಕೂಸು ಏನು ತಿಂದು ಎಷ್ಟು ಎತ್ತಿತು ಎಂಬುದೇ ಪಾಠ.

ಒಮ್ಮೆ ಸಾಹೇಬರು ಹೇಳದೆ ಕೇಳದೆ ಬಂದು ನಿಂತರು. "ಇದೇನ್ರಿ, ಸರ್ಕಾರದ ಕಾಟಾ ಎಲ್ಲಿ?"

"ಚೀಲದಾಗ ಅದ ಸರ್. ನೀವು ಹೇಳಿದಂಗ ಹೆಗಲಿಂದ ಇಳಿಸಿಲ್ಲ."

ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಗಂಗವ್ವ, "ಸಾಹೇಬ್ರ, ಬಿಸಲಾಗ ಯಾಕ ನಿಂತ್ರಿ, ಕುಂದರ್ರಿ" ಎಂದು ಮುಂದೆ ತಟ್ಟೆ ಇಟ್ಟಳು. ಅವರು ಮಾದಲಿ ತಿಂದರು, ಮತ್ತೆ ಹಾಕಿಸಿಕೊಂಡರು. ಸಾಲು ಹಚ್ಚಿ ನಿಂತ ತಾಯಂದಿರನ್ನು ನೋಡಿದರು. ಹೊರಡುವಾಗ, "ನಡೀಲಿ. ಮ್ಯಾಲಿನವರು ಕೇಳಿದ್ರ ನಾ ನೋಡಿಲ್ಲ" ಎಂದರು. ಮೇಲಧಿಕಾರಿಯಿಂದ ನನಗೆ ಸಿಕ್ಕ ಅತ್ಯುತ್ತಮ ಪ್ರಶಸ್ತಿ ಅದೇ.

ಪ್ರತಿ ಅಮಾವಾಸ್ಯೆಗೂ ಸಿದ್ದೂನ ತಟ್ಟೆ ತುಸು ತುಸು ಕೆಳಗಿಳಿಯುತ್ತಿತ್ತು. ಆದರೆ ಮಳೆಗಾಲದಲ್ಲಿ ಅವನಿಗೆ ವಾಂತಿಭೇದಿ ಹತ್ತಿಕೊಂಡಿತು. ಡಾಕ್ಟರು ಹೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು. ಗಂಗವ್ವ, ಮೆಹರುನ್ನೀಸಾ, ಶಾಂತವ್ವ ಸರದಿಯ ಮೇಲೆ ಕೂತು ಸಕ್ಕರೆ ಉಪ್ಪಿನ ನೀರು ಗುಟುಕು ಗುಟುಕಾಗಿ ಕುಡಿಸಿದರು. ಬಾಬುಸಾಬ ಬಾಡಿಗೆ ಬಿಟ್ಟು ಟೆಂಪೋವನ್ನು ದವಾಖಾನೆಯ ಮುಂದೆ ನಿಲ್ಲಿಸಿಕೊಂಡ. ಹುಡುಗ ಉಳಿದ. ಮುಂದಿನ ಅಮಾವಾಸ್ಯೆಗೆ ತಕ್ಕಡಿಯಲ್ಲಿ ಕೂರಿಸಿದರೆ ಮತ್ತೆ ಗಾಳಿಗೆ ಏರಿದ. ಎಲ್ಲರ ಮುಖ ಬಾಡಿತು. ನಾನು ಗಂಗವ್ವನ ಕಡೆ ನೋಡಲೂ ಹಿಂಜರಿದೆ.

ಅವಳು ಮಾತ್ರ ಸೆರಗು ಸಿಗಿಸಿಕೊಂಡು ಎದ್ದಳು. "ಏನ ಆತೀಗ? ಕೆಳಗಿಳಿಯೂ ಹಾದಿ ಗೊತ್ತೈತಿ ಅವಂಗ. ಕಸ್ತೂರೀ, ಶೇಂಗಾ ಹುರಿ!"

ಮರುವರ್ಷ ಅದೇ ಮಠಕ್ಕೆ ಅದೇ ಟೆಂಪೋದಲ್ಲಿ ಹೊರಟೆವು. ಈ ಸಲ ಅರ್ಧ ಕಾಲೋನಿಯೇ ಹತ್ತಿತ್ತು. ಗಂಗವ್ವನ ಮಡಿಲಲ್ಲಿ ಹೊಸ ಪೆಂಟೆ. ಸಿದ್ದು ಯಾರ ತೊಡೆಯ ಮೇಲೂ ಕೂರಲಿಲ್ಲ, ನಿಂತೇ ಬಂದ, ದಾರಿಯಲ್ಲಿ ಕಂಡ ಎಮ್ಮೆಗಳನ್ನೆಲ್ಲ ಕೂಗಿ ಕರೆಯುತ್ತ.

ತಾನೇ ಹತ್ತಿ ತಟ್ಟೆಯಲ್ಲಿ ಕೂತ. ಎದುರಿನ ತಟ್ಟೆಯಲ್ಲಿ ಪೂರಾ ಪೆಂಟೆ ಇಟ್ಟರು. ಸಿದ್ದೂನ ತಟ್ಟೆ ಅಲುಗಾಡಲಿಲ್ಲ. ಬೆಲ್ಲ ಮೇಲೆಯೇ ನಿಂತಿತು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಸ್ತೂರಿ ಕಿರುಚಿದಳು, "ಅತ್ತೀ, ಬೆಲ್ಲ ಸಾಲವಲ್ದು!"

ಆ ಕೂಗು, ಆ ನಗು, ಆ ಗದ್ದಲ! ಗಂಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಮಠದ ಹಿರಿಯರು, "ಹರಕಿ ಅಂದ್ರ ಸಮ ಆಗಬೇಕವಾ, ಏನರ ಹಾಕ್ರಿ" ಎಂದರು. ಹೆಂಗಸರು ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ ಬಿದ್ದವು, ಸೆರಗಿನಲ್ಲಿ ಕಟ್ಟಿದ್ದ ಶೇಂಗಾ ಬಿತ್ತು. ಮೆಹರುನ್ನೀಸಾ ಮಲೀದಾದ ಡಬ್ಬಿಯನ್ನೇ ಇಟ್ಟಳು. ತಟ್ಟೆ ಇಳಿಯಿತು, ಇನ್ನೂ ಸ್ವಲ್ಪ ಬೇಕಿತ್ತು. ನಾನು ಚೀಲಕ್ಕೆ ಕೈ ಹಾಕಿ ಸರ್ಕಾರದ ಕಾಟಾವನ್ನು ತೆಗೆದು ಬೆಲ್ಲದ ಮೇಲಿಟ್ಟೆ. ತಕ್ಕಡಿಯ ದಂಡ ನಿಧಾನವಾಗಿ ತೂಗಿ ನೆಟ್ಟಗೆ ನಿಂತಿತು.

"ತಟ್ಟ್ಯಾಗ ಇಟ್ಟಿದ್ದು ಮಠಕ್ಕ ಸೇರಿದ್ದು" ಎಂದು ಹಿರಿಯರು ನಕ್ಕರು. "ಅದು ಸರ್ಕಾರದ್ದು ರೀ, ನನ್ನ ನೌಕರಿ ಹೋಗತದ" ಎಂದು ಗೋಗರೆದೆ. ಅವರು ಕಾಟಾಕ್ಕೆ ವಿಭೂತಿ ಹಚ್ಚಿ ತಿರುಗಿ ಕೊಟ್ಟರು.

ಮುಂದಿನ ಅಮಾವಾಸ್ಯೆ ನಾನು ಕಾಲೋನಿಗೆ ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗೆ ಜನ ಸೇರಿತ್ತು. ಗಂಗವ್ವ ಎದುರಿಗೆ ಬಂದು, ನನ್ನ ಚೀಲಕ್ಕೆ ತಾನೇ ಕೈ ಹಾಕಿ ಕಾಟಾ ಹೊರಗೆಳೆದಳು. ಶಾಂತವ್ವನ ಕೈಯಿಂದ ಟೊಂಗೆಗೆ ಕಟ್ಟಿಸಿದಳು. ಬಟ್ಟೆಯ ಚೀಲದ ತೂತುಗಳಲ್ಲಿ ಸಿದ್ದೂನ ದಪ್ಪ ಕಾಲುಗಳನ್ನು ತುರುಕಲು ಅವಳಿಗೆ ಸಾಕುಸಾಕಾಯಿತು.

"ದೃಷ್ಟಿ ಬಡಿಯೂದಿಲ್ಲೇನು ಗಂಗವ್ವಾ?" ಎಂದು ನಾನು ಬೇಕೆಂದೇ ಕೇಳಿದೆ.

"ದೇವರ ತಟ್ಟ್ಯಾಗ ಕುಂತು ಬಂದ ಕಾಟಾಕ್ಕ ಯಾವ ದೃಷ್ಟಿರಿ?" ಎಂದು, ಹಿಂದೆ ನಿಂತವರ ಕಡೆ ತಿರುಗಿ ಕೂಗಿದಳು: "ಏ, ಬರ್ರೇ ಎಲ್ಲಾರೂ, ಸಾಲು ಹಚ್ಚರಿ! ಬಾಯಾರ ಎಷ್ಟೊತ್ತು ಕಾಯಬೇಕು?"